ಸಿರಿಂಜ್ ಕೆಳಗಿಟ್ಟ ಸಿಸ್ಟರ್

2021ರ ಬೇಸಿಗೆಯಲ್ಲಿ, ಕೋವಿಡ್‌ನ ಎರಡನೇ ಅಲೆ ಬಂದಾಗ, ನಾನು ಗಜೇಂದ್ರಗಡ ಭಾಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿದ್ದೆ. ಶಸ್ತ್ರಚಿಕಿತ್ಸೆಗಳೆಲ್ಲ ನಿಂತುಹೋಗಿದ್ದರಿಂದ ಆರು ಹಾಸಿಗೆಗಳ ಐಸಿಯು ನನ್ನ ಸುಪರ್ದಿಗೆ ಬಂತು. ರೋಣ, ನರಗುಂದದ ಕಡೆಯಿಂದ, ಮಲಪ್ರಭೆಯ ದಂಡೆಯ ಹಳ್ಳಿಗಳಿಂದ ರೋಗಿಗಳು ಬರುತ್ತಿದ್ದರು. ಒಳಗೆ ಒಂದು ಹಾಸಿಗೆ ತೆರವಾಗುವುದನ್ನೇ ಹೊರಗೆ ಆಂಬುಲೆನ್ಸ್‌ನಲ್ಲಿ ಯಾರಾದರೂ ಕಾಯುತ್ತಿದ್ದರು.

ನಾನು ಹೆಸರಿಗೆ ಮುಖ್ಯಸ್ಥೆ. ಐಸಿಯು ನಡೆಯುತ್ತಿದ್ದದ್ದು ನರ್ಸ್‌ಗಳಿಂದ, ಅದರಲ್ಲೂ ಹಿರಿಯ ನರ್ಸ್ ಶಕುಂತಲಾಳಿಂದ. ನೇಕಾರರ ಮನೆಯ ಮಗಳು. ಪ್ರಜ್ಞೆಯಿಲ್ಲದ ರೋಗಿಗೂ ಹೇಳದೆ ಸೂಜಿ ಚುಚ್ಚಿದವಳಲ್ಲ. "ಯಪ್ಪಾ, ಸ್ವಲ್ಪ ನೋವಾಗ್ತದ, ತಡಕೋರಿ" ಅನ್ನುವಳು. ಪಿಪಿಇ ಕಿಟ್ಟಿನೊಳಗೆ ಬೆವರಿನಿಂದ ತೊಯ್ದು ಹೋಗಿದ್ದರೂ ಆ ಮಾತು ತಪ್ಪುತ್ತಿರಲಿಲ್ಲ. ಇಬ್ಬರು ನರ್ಸ್‌ಗಳು ಸ್ವತಃ ಸೋಂಕು ತಗುಲಿ ಮಲಗಿದ ಮೇಲೆ ಅವರ ಪಾಳಿಯನ್ನೂ ಇವಳೇ ಮಾಡಿದಳು. ರಜೆ ಕೇಳಲಿಲ್ಲ, ಗೊಣಗಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಹೊಳೆಮಣ್ಣೂರಿನ ನೀಲವ್ವನ ರಕ್ತದೊತ್ತಡ ಇಳಿಯತೊಡಗಿತು. ಅರವತ್ತು ದಾಟಿದ ಹೆಂಗಸು, ಮುಖಕ್ಕೆ ಒತ್ತಡದಿಂದ ಉಸಿರು ತುಂಬುವ ಬೈಪ್ಯಾಪ್ ಯಂತ್ರದ ಮಾಸ್ಕ್, ಆದರೆ ಎಚ್ಚರವಿತ್ತು. ನಾರ್‌ಅಡ್ರಿನಲಿನ್ ಶುರುಮಾಡಲು ಹೇಳಿದೆ. ಇಳಿದ ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧ ಅದು. ಸಿರಿಂಜ್ ಪಂಪ್‌ನಲ್ಲಿಟ್ಟು ತೀರಾ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಅಳತೆ ತಪ್ಪಿದರೆ ಜೀವ ಉಳಿಸುವ ಮದ್ದೇ ಜೀವ ತೆಗೆದೀತು.

ಶಕುಂತಲಾ ಔಷಧವನ್ನು ಸಿರಿಂಜ್‌ಗೆ ತುಂಬಿದಳು. ಪಂಪ್‌ನ ಹತ್ತಿರ ಹೋದಳು. ಅಲ್ಲೇ ನಿಂತಳು. ಆಮೇಲೆ ಸಿರಿಂಜನ್ನು ಟ್ರೇಯಲ್ಲಿಟ್ಟು ನನ್ನ ಬಳಿ ಬಂದಳು.

"ಮೇಡಂ, ಇದನ್ನ ನಾ ಹಚ್ಚಂಗಿಲ್ರಿ. ರೆಹಾನಾನ ಕಡೆ ಹೊಸದಾಗಿ ಮಾಡಸ್ರಿ."

"ಯಾಕ? ಏನಾತು?"

"ಎಷ್ಟು ಹಾಕೀನಿ ಅಂತ ನೆನಪಿಲ್ರಿ. ಮತ್ತ ಮತ್ತ ಓದ್ತೀನಿ, ತಲ್ಯಾಗ ನಿಲ್ಲವಲ್ದು. ಲಗೂ ಮಾಡಸ್ರಿ."

ರೆಹಾನಾ ಕಿರಿಯ ನರ್ಸ್. ಅವಳು ಬೇರೆ ಸಿರಿಂಜ್ ತಯಾರಿಸಿದಳು, ನಾನು ಪಕ್ಕದಲ್ಲಿ ನಿಂತು ಅಳತೆ ನೋಡಿದೆ, ಪಂಪ್ ಓಡಿತು. ಸ್ವಲ್ಪ ಹೊತ್ತಿಗೆ ನೀಲವ್ವನ ಒತ್ತಡ ಮೇಲೇರಿತು. ಆಮೇಲೆ ಶಕುಂತಲಾಳನ್ನು ಕಿಟ್ ಬಿಚ್ಚಿಸಿ ನನ್ನ ಕೋಣೆಯಲ್ಲಿ ಕೂರಿಸಿದೆ. ಮಾಸ್ಕಿನ ಗೀರು ಮೂಗಿನ ಮೇಲೆ ಹುಣ್ಣಾಗಿತ್ತು. ಚಹಾದ ಕಪ್ಪು ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

"ಮುಂಜಾನಿ ಮೆಣಸಗಿ ಊರಿನವರು ಒಬ್ಬರು ತೀರಿಕೊಂಡ್ರಲ್ರಿ," ಅಂದಳು. "ನನಗ ಏನೂ ಅನಸಲಿಲ್ಲ. ಹಾಸಿಗಿ ಖಾಲಿ ಆತು ಅಂತ ಅಷ್ಟ ಅನಸ್ತು. ನಾ ಹಿಂಗ ಇರಲಿಲ್ರಿ ಮೇಡಂ."

ಇದಕ್ಕೆ ವೈದ್ಯಕೀಯದಲ್ಲಿ ಬರ್ನ್‌ಔಟ್ ಅನ್ನುತ್ತಾರೆ. ಬರೀ ಆಯಾಸವಾದರೆ ಒಂದು ನಿದ್ದೆಗೆ ಹೋದೀತು. ಇದರಲ್ಲಿ ಮೊದಲು ಮೈ ಸೋಲುತ್ತದೆ, ಆಮೇಲೆ ಮನಸ್ಸು ಮರಗಟ್ಟುತ್ತದೆ. ರೋಗಿ ಮನುಷ್ಯನಾಗಿ ಕಾಣುವುದು ನಿಲ್ಲುತ್ತದೆ. ಹಾಗಾದದ್ದು ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದವರು ನಾಚಿಕೆಯಿಂದ ಮುಚ್ಚಿಕೊಳ್ಳುತ್ತಾರೆ. ಇವಳು ಕೈಯಲ್ಲಿ ಸಿರಿಂಜ್ ಇದ್ದಾಗಲೇ ಗುರುತಿಸಿ, ಕಿರಿಯರ ಎದುರಿಗೇ ಹೇಳಿದ್ದಳು.

"ಮನಿಗೆ ಹೋಗು. ವಾರದ ಮಟ ಈ ಕಡೆ ಬರಬ್ಯಾಡ," ಅಂದೆ.

"ನಾ ಹೋದ್ರ ಉಳದವರಿಗೆ ಭಾರ ಆಗ್ತದ್ರಿ."

ಬಾಗಿಲಲ್ಲಿ ನಿಂತಿದ್ದ ರೆಹಾನಾ ಒಳಗೆ ಬಂದಳು. "ಅಕ್ಕಾರ, ನೀವು ಹೋಗ್ರಿ. ನನಗೂ ನಿದ್ದಿ ಹತ್ತವಲ್ದು, ಹೇಳಾಕ ಅಂಜಿಕಿ ಇತ್ತು. ನೀವ ಹೇಳಿದ್ರಿ, ಚಲೋ ಆತು."

ಸಂಜೆಯೊಳಗೆ ಉಳಿದ ನರ್ಸ್‌ಗಳೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಒಬ್ಬಳಿಗೆ ಅಲಾರಂ ಸದ್ದು ಮನೆಯಲ್ಲೂ ಕೇಳಿಸುತ್ತಿತ್ತು. ಇನ್ನೊಬ್ಬಳು ಮಗುವಿನ ಮೇಲೆ ಕಾರಣವಿಲ್ಲದೆ ಕೈ ಮಾಡಿದ್ದಳು. ಇವರ ಕೈಯಲ್ಲಿ ಆರು ಹಾಸಿಗೆ ನಡೆಸಿದರೆ ಯಾರದಾದರೂ ಪ್ರಾಣ ಹೋಗುವುದು ಖಚಿತವೆನಿಸಿತು. ಹಾಗೆಂದು ಹಾಸಿಗೆ ಮುಚ್ಚಿದರೆ ಬಾಗಿಲಿಗೆ ಬಂದವರನ್ನು ಹಿಂದೆ ಕಳಿಸಬೇಕು. ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ಇಮಾಮ್‌ಸಾಹೇಬರ ಹತ್ತಿರ ಹೋದೆ. ಬಟ್ಟೆ ವ್ಯಾಪಾರದ ಹಿರಿಯರು, ಮಾತು ಕಡಿಮೆ.

"ಎರಡ ಹಾಸಿಗಿ ಮುಚ್ಚಬೇಕ್ರಿ," ಅಂದೆ.

"ಬಂದವರಿಗೆ ಏನ್ ಹೇಳೂದು ಡಾಕ್ಟರ್ರ?"

"ಖರೇ ಹೇಳೂದ್ರಿ. ಹಾಸಿಗಿ ಅದಾವು, ನೋಡ್ಕೊಳ್ಳಾಕ ಮಂದಿ ಇಲ್ಲ ಅಂತ."

"ಹಂಗಾದ್ರ ಬಾಗಲದಾಗ ನಾ ನಿಂದರತೀನಿ. ನೀವು ಒಳಗಿನವರನ್ನ ನೋಡ್ರಿ," ಅಂದರು.

ಹೇಳಿದಂತೆ ನಿಂತರು. ಮರುದಿನ ನರಗುಂದದಿಂದ ತಂದೆಯನ್ನು ಕರೆತಂದ ಮಕ್ಕಳು ಅವರ ಮೇಲೆ ಕೂಗಾಡಿದರು. ಸಾಹೇಬರು ಊರೂರಿಗೆ ಫೋನ್ ಮಾಡಿ ಗದಗದಲ್ಲಿ ಹಾಸಿಗೆ ಹುಡುಕಿ, ಆಕ್ಸಿಜನ್ ಸಿಲಿಂಡರ್ ಕೊಟ್ಟು ಕಳಿಸಿದರು. ಆ ರೋಗಿ ಏನಾದರೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಆ ತೀರ್ಮಾನದ ಭಾರ ಈಗಲೂ ಇದೆ. ತೀರ್ಮಾನ ತಪ್ಪೆಂದು ಮಾತ್ರ ಅನ್ನಿಸಿಲ್ಲ.

ಆಪರೇಷನ್ ಥಿಯೇಟರ್‌ನ ಸಿಬ್ಬಂದಿಗೆ ರೋಗಿಯನ್ನು ಮಗ್ಗುಲು ಹೊರಳಿಸುವುದು, ಆಕ್ಸಿಜನ್ ನೋಡಿಕೊಳ್ಳುವುದು ಕಲಿಸಿದೆವು. ಪಾಳಿ ಚಿಕ್ಕದಾಯಿತು. ಪ್ರತಿಯೊಬ್ಬರಿಗೂ ಸರದಿಯಂತೆ ರಜೆ ಸಿಕ್ಕಿತು.

ಇತ್ತ ಮನೆಗೆ ಹೋಗಿದ್ದ ಶಕುಂತಲಾಳ ತಾಯಿಗೆ ಫೋನ್ ಮಾಡಿದೆ. "ಆಜೂಬಾಜೂ ಮಗ್ಗ ಬಡದ್ರೂ ಎಚ್ಚರಾಗವಲ್ಲಳ್ರಿ," ಅಂದರು. ಎರಡು ದಿನ ಬಿಟ್ಟು ಅವರೇ ಗಾಬರಿಯಿಂದ ಫೋನ್ ಮಾಡಿದರು. "ಈಗ ಬರೇ ಅಳಾಕ ಹತ್ತ್ಯಾಳ್ರಿ. ಯಾರ್ಯಾರದೋ ಹೆಸರು ಹೇಳಿ ಅಳ್ತಾಳ. ಏನ್ ಮಾಡ್ಲಿ?"

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವು ತೀರಿಕೊಂಡ ರೋಗಿಗಳ ಹೆಸರು; ಮರಗಟ್ಟಿದ್ದ ಮನಸ್ಸು ಮತ್ತೆ ಮಿಡಿಯತೊಡಗಿತ್ತು. "ಅಳಲಿ ಬಿಡ್ರಿ. ಅಕಿ ಸನೇಕ ಕುಂಡ್ರರಿ, ಸಾಕು," ಅಂದೆ.

ವಾರದ ಮೇಲೆ ಅವಳು ಬಂದಳು. ಮೈ ಇಳಿದಿತ್ತು, ಕಣ್ಣು ತಿಳಿಯಾಗಿತ್ತು. ನೀಲವ್ವನ ಬೈಪ್ಯಾಪ್ ತೆಗೆದು ಸಾದಾ ಮಾಸ್ಕ್ ಹಾಕಿದ್ದೆವು.

"ಎಲ್ಲಿ ಹೋಗಿದ್ದಿ ಯವ್ವಾ?" ಅಂತ ನೀಲವ್ವ ಕೇಳಿದಳು.

"ಮಲಗಾಕ ಹೋಗಿದ್ದೆ ಬೇ."

"ಚಲೋ ಮಾಡಿದಿ. ನೀ ನಿಂತಲ್ಲೇ ತೂಗಾಡ್ತಿದ್ದಿ, ನಾ ನೋಡೀನಿ."

ಶಕುಂತಲಾ ನಕ್ಕಳು. ಎಷ್ಟೋ ವಾರಗಳಾಗಿದ್ದವು ಆ ನಗು ಕೇಳಿ. ನೀಲವ್ವ ಮುಂದೆ ಗುಣವಾಗಿ, ಮಗನ ಕೈ ಹಿಡಿದು ನಡೆದೇ ಊರಿನ ಗಾಡಿ ಹತ್ತಿದಳು.

ಈಗ ನಾನು ನಿವೃತ್ತಳಾಗಿದ್ದೇನೆ. ಶಕುಂತಲಾ ಅದೇ ಆಸ್ಪತ್ರೆಯಲ್ಲಿ ನರ್ಸ್‌ಗಳ ಮೇಲ್ವಿಚಾರಕಿ. ಪಾಳಿ ಬದಲಾಗುವಾಗ ಎಲ್ಲ ರೋಗಿಗಳ ವಿವರ ಕೇಳಿದ ಮೇಲೆ ಆಕೆ, "ಇನ್ನ ನಿಮ್ಮದು ಹೇಳ್ರಿ, ಹ್ಯಾಂಗ ಅದೀರಿ?" ಎಂದು ನರ್ಸ್‌ಗಳನ್ನೂ ಕೇಳುತ್ತಾಳಂತೆ. ಆಗುವುದಿಲ್ಲ ಅಂದವರನ್ನು ಯಾರೂ ಹಗುರವಾಗಿ ಕಾಣುವುದಿಲ್ಲವಂತೆ.

ಐಸಿಯುವಿನಲ್ಲಿ ರೋಗಿಯ ಉಸಿರು ಒಂದಿಷ್ಟು ಏರುಪೇರಾದರೂ ಯಂತ್ರ ಕೂಗಿಕೊಳ್ಳುತ್ತದೆ. ಆರೈಕೆ ಮಾಡುವವರಿಗೆ ಅಂಥ ಯಂತ್ರವಿಲ್ಲ. ಅವರು ತಾವೇ ಬಾಯಿಬಿಟ್ಟು ಹೇಳಬೇಕು. ಹೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಶಕುಂತಲಾ ಸಿರಿಂಜ್ ಕೆಳಗಿಟ್ಟ ಆ ಮಧ್ಯಾಹ್ನ ನನಗೆ ಕಲಿಸಿತು.