ರಕ್ತದ ಬೂಷ್ಟು ಕಣ್ಣಿಗೆ ಇಳಿದಿತ್ತೇ?

ಹೊಟ್ಟೆಯ ಆಪರೇಷನ್ನಿಗೆಂದು ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದಕ್ಕೆ ಸೇರಿದವನು ನಾನು. ಕರುಳು ತೂತಾಗಿತ್ತು, ಹೊಲಿದರು. ಆಮೇಲೆ ಹತ್ತು ದಿನ ಐಸಿಯುವಿನಲ್ಲಿ ಊಟ, ಔಷಧ ಎಲ್ಲವೂ ಕತ್ತಿಗೆ ಹಾಕಿದ್ದ ನಳಿಕೆಯಿಂದಲೇ. ಇನ್ನೇನು ವಾರ್ಡಿಗೆ ಕಳಿಸುತ್ತಾರೆ ಅನ್ನುವಾಗ ಗಡಗಡ ನಡುಗಿಸುವ ಜ್ವರ ಹಿಡಿದುಕೊಂಡಿತು. ರಕ್ತದಲ್ಲಿ ಫಂಗಸ್ ಬೆಳೆದಿದೆ, ಆ ನಳಿಕೆಯ ಮೂಲಕವೇ ಸೇರಿರಬೇಕು ಎಂದರು ಡಾಕ್ಟರು. ನನಗೆ ಸಿಟ್ಟು ನೆತ್ತಿಗೇರಿತು. ವಾಸಿಯಾಗಲು ಬಂದ ಕಡೆಯೇ ರೋಗ ಅಂಟಿಸಿಕೊಳ್ಳುವುದೆಂದರೇನು!

ನನ್ನ ಹೆಂಡತಿ ಬಾಗಲೂರಿನವಳು, ಬಾಯಿ ಜೋರು. "ಫಂಗಸ್ ಅಂದ್ರೆ ಬೂಷ್ಟು ತಾನೇ ಡಾಕ್ಟ್ರೇ? ಬೂಷ್ಟು ಇಡಿಯಾಕೆ ಇವ್ರೇನು ಅಳೇ ಬ್ರೆಡ್ಡಾ?" ಎಂದಳು.

ಡಾಕ್ಟರು ನಗಲಿಲ್ಲ. "ತಮಾಷೆ ಅಲ್ಲಮ್ಮ, ಇದ್ರಿಂದ ಜೀವ ಹೋದವ್ರೂ ಇದಾರೆ," ಎಂದರು. ಅವತ್ತೇ ನಳಿಕೆ ತೆಗೆದು ಹೊಸ ಔಷಧ ಶುರು ಮಾಡಿದರು. ದಿನಾ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೊಂದು ದಿನ ರಕ್ತ ಶುದ್ಧವಾಗಿದೆ ಎಂಬ ವರದಿ ಬಂದು ನನ್ನನ್ನು ವಾರ್ಡಿಗೆ ಕಳಿಸಿದಾಗ ಇವಳು ನರ್ಸುಗಳಿಗೆಲ್ಲ ಒಬ್ಬಟ್ಟು ಹಂಚಿದಳು. ಅಷ್ಟರಲ್ಲಿ ಡಾಕ್ಟರು ಮತ್ತೆ ಬಂದರು. "ಇನ್ನೊಂದು ಪರೀಕ್ಷೆ ಇದೆ. ಈ ಫಂಗಸ್ ಕೆಲವ್ರಿಗೆ ಕಣ್ಣಿಗೂ ಇಳಿದುಬಿಡುತ್ತೆ. ನೋಡ್ಬೇಕು."

ನಾನು ಸಿಟಿ ಬಸ್ಸಿನ ಡ್ರೈವರ್. ಯಲಹಂಕದಿಂದ ಯಶವಂತಪುರಕ್ಕೆ ಹದಿನೆಂಟು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ. ಕರುಳು ಹೊಲಿಸಿಕೊಂಡು ಸ್ಟೀರಿಂಗ್ ಹಿಡಿಯಬಹುದು, ಕಣ್ಣು ಹೋದರೆ ಯಾರು ಕೊಡುತ್ತಾರೆ ಬಸ್ಸು? ಬೇರೆ ಕೆಲಸ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಮಧ್ಯಾಹ್ನ ನರ್ಸ್ ಬಂದು ಕಣ್ಣಿಗೆ ಏನೋ ಹನಿ ಹಾಕಿ, ಏನೋ ಹೇಳಿ ಹೋದಳು. ಇದೊಂದು ಬೇರೆ ಬಂತಲ್ಲ ಎಂಬ ಸಿಟ್ಟಿನಲ್ಲಿದ್ದ ನಾನು ಕೇಳಿಸಿಕೊಂಡರೆ ತಾನೇ? ಅರ್ಧ ಗಂಟೆಯಲ್ಲಿ ಫೋನಿನ ಅಕ್ಷರಗಳೆಲ್ಲ ಕಲಸಿಹೋದವು. ಕಿಟಕಿಯಾಚೆ ಫ್ಲೈಓವರ್ ಬೆಳ್ಳಗೆ ಕೋರೈಸುತ್ತಿತ್ತು. ಮುಗಿಯಿತು ಕಥೆ ಎಂದುಕೊಂಡೆ. ಇವಳಿಗೆ ಮಾತ್ರ ಗೊತ್ತಾಗಬಾರದೆಂದು ಗಂಭೀರವಾಗಿ ಹೊರಗೆ ನೋಡುತ್ತ ಕೂತೆ.

"ಏನ್ರೀ, ಅಲ್ಲಿ ಬರ್ತಿರೋದು ನಿಮ್ಮ ಬಸ್ಸಾ?"

"ಹೂಂ ಕಣೆ, ನಮ್ದೇ. ಯಲಹಂಕದ್ದು."

"ಅಯ್ಯೋ, ಅದು ನೀರಿನ ಟ್ಯಾಂಕರು!"

ನನಗೆ ಅಳು ತಡೆಯಲಾಗಲಿಲ್ಲ. "ಕಣ್ಣು ಕಾಣ್ತಿಲ್ಲ ಕಣೆ," ಎಂದುಬಿಟ್ಟೆ. ಅವಳು ಕಾರಿಡಾರಿಗೆ ಓಡಿ ನರ್ಸನ್ನು ಎಳೆದುಕೊಂಡೇ ಬಂದಳು.

"ಸರ್, ಡ್ರಾಪ್ಸ್ ಹಾಕಿದ್ರೆ ನಾಲ್ಕು ಗಂಟೆ ಮಂಜಾಗಿರುತ್ತೆ ಅಂತ ಆಗ್ಲೇ ಹೇಳಿದ್ನಲ್ಲ!"

ಹೆಂಡತಿ ನನ್ನನ್ನು ಕೆಕ್ಕರಿಸಿ ನೋಡಿದಳು. "ಇವ್ರ ಕಿವಿಗೂ ಬೂಷ್ಟು ಇಡ್ದದೆ ಸಿಸ್ಟರ್, ಅದ್ನೂ ಪರೀಕ್ಷೆ ಮಾಡ್ಸಿ." ಪಕ್ಕದ ಹಾಸಿಗೆಯವರೂ ನಕ್ಕರು. ನನಗೂ ನಗು ಬಂತು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ನಕ್ಕೆ.

ಕಣ್ಣಿನ ಡಾಕ್ಟರು ಬಂದಾಗ ಮಾತ್ರ ಯಾರೂ ನಗಲಿಲ್ಲ. ದೀಪ ಹಿಡಿದು ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು, ಮತ್ತೆ ಬಲಗಣ್ಣು ನೋಡಿದರು. ಹೊದಿಕೆಯ ಕೆಳಗೆ ಇವಳು ನನ್ನ ಕಾಲಿನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. "ಎರಡೂ ಕ್ಲೀನ್. ಒಂದು ಚುಕ್ಕೇನೂ ಇಲ್ಲ," ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಆ ಡಾಕ್ಟರ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮಾತ್ರೆ ಮುಗಿದು, ಮೈ ಕೂಡಿಕೊಂಡು, ಮೂರು ತಿಂಗಳ ಮೇಲೆ ಬಸ್ಸು ಹತ್ತಿದೆ. ಮೊದಲ ಟ್ರಿಪ್ಪಿನಲ್ಲೇ ಕೋಗಿಲು ಕ್ರಾಸಿನಲ್ಲಿ ಇವಳು ಕೈ ಅಡ್ಡ ಹಾಕಿದಳು. ರೇಷ್ಮೆ ಸೀರೆ ಬೇರೆ! ನನಗೆ ಕಾಣುವಂತೆ ಮುಂದಿನ ಸೀಟಿನಲ್ಲೇ ಕೂತಳು. ಯಶವಂತಪುರದಲ್ಲಿ ಎಲ್ಲರೂ ಇಳಿದರೂ ಇವಳು ಏಳಲಿಲ್ಲ.

"ಇಲ್ಲೇನ್ ಕೆಲ್ಸ ನಿಂಗೆ?" ಎಂದೆ.

"ಏನೂ ಇಲ್ಲ. ಅದಿನೆಂಟು ವರ್ಷದಲ್ಲಿ ನೀವು ಬಸ್ಸು ಓಡ್ಸೋದನ್ನ ಒಂದ್ಸಲಾನೂ ನೋಡಿರ್ಲಿಲ್ಲ," ಎಂದಳು. "ನಡೀರಿ, ವಾಪಸ್ ಓಡ್ಸಿ. ಇನ್ನೊಂದ್ಸಲ ನೋಡ್ತೀನಿ."