ತವರಿನ ಜೋಳದ ದರ

ನಮ್ಮ ಕಡೆ ರೇಟು ಊರಿಗೊಂದು. ನಮ್ಮೂರು ಬೈಲಹೊಂಗಲದ ಪೇಟೆಯಲ್ಲಿ ಸುಮ್ಮನೆ ಬಿದ್ದಿರುವ ತೆಂಗಿನಕಾಯಿ ಹುಣ್ಣಿಮೆಯ ದಿನ ಜಾತ್ರೆಯ ಮಂದಿ ಸೇರುವ ಉಗರಗೋಳದ ಅಂಗಡಿಗೆ ಹೋಗಿ ಕುಳಿತರೆ ಅದರ ಬೆಲೆಯೇ ಬೇರೆ. ರಾಮದುರ್ಗದಲ್ಲಿ ಕೊಂಡ ಕುಪ್ಪಸದ ಖಣ ಸವದತ್ತಿಗೆ ಬರುವಷ್ಟರಲ್ಲಿ ಒಂದಿಷ್ಟು ತುಟ್ಟಿಯಾಗಿರುತ್ತದೆ. ಇದನ್ನು ಯಾರೂ ಅನ್ಯಾಯ ಅನ್ನುತ್ತಿರಲಿಲ್ಲ. ಊರಿನ ನೀರು ಬೇರೆ ಇದ್ದ ಹಾಗೆ ಊರಿನ ರೇಟೂ ಬೇರೆ ಎಂದು ಅಪ್ಪ ಹೇಳುತ್ತಿದ್ದ. ಅವನ ಪಾಲಿಗೆ ಯಾವ ಊರಿನಲ್ಲೂ ರೇಟು ಇಲ್ಲದ ಸಾಮಾನು ಒಂದೇ ಒಂದು. ಮದುವೆಯಾಗಿ ಹೋದ ಮಗಳಿಗೆ ತವರಿನಿಂದ ಹೋಗುವ ಜೋಳ.

ಅಕ್ಕನನ್ನು ಪುಣೆಗೆ ಕೊಟ್ಟಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಭಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದ. ಅವನ ಪಗಾರವನ್ನು ಅಪ್ಪ ಓಣಿಯಲ್ಲಿ ಹೇಳಿದಾಗ ಕೇಳಿದವರು ಇನ್ನೊಮ್ಮೆ ಕೇಳಿದರು. ಬಾಡಿಗೆ ಎಷ್ಟೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮ ಹೊಂಗಲದಲ್ಲಿ ಮನೆ ಎಂದರೆ ಅಜ್ಜ ಕಟ್ಟಿಸಿದ್ದು, ಅದಕ್ಕೆ ತಿಂಗಳಿಗೊಮ್ಮೆ ರೊಕ್ಕ ಕೊಡಬೇಕು ಎಂಬುದು ತಲೆಗೆ ಹೊಳೆಯುವ ಸಂಗತಿಯಲ್ಲ. ಪುಣೆಯಲ್ಲಿ ಅಕ್ಕನಿಗೆ ಸಿಕ್ಕಿದ್ದು ಸಾಲುಕೋಣೆಗಳ ಚಾಳಿನಲ್ಲಿ ಒಂದು ಕೋಣೆ, ಅದರಲ್ಲೇ ಅಡುಗೆಯ ಮೂಲೆ. ಮದುವೆಯಲ್ಲಿ ಅಪ್ಪ ಕೊಟ್ಟ ಹೊಲಿಗೆ ಮಶೀನು ಇಡಲು ಅಲ್ಲಿ ಜಾಗವಿರಲಿಲ್ಲ. ಅದು ನಮ್ಮ ಪಡಸಾಲೆಯಲ್ಲೇ ಉಳಿಯಿತು, ನನ್ನ ಕೈಗೆ ಬಂತು.

ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕ ಬರುತ್ತಿದ್ದಳು. ಅವಳು ವಾಪಸು ಹೊರಡುವ ದಿನ ಒಂದು ಚೀಲ ಜೋಳವೂ ಹೊರಡುತ್ತಿತ್ತು. ನಮ್ಮ ಓಣಿಯಲ್ಲೇ ಒಬ್ಬ ಲಾರಿ ಡ್ರೈವರ್ ಇದ್ದ, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಹತ್ತಿ ತುಂಬಿಕೊಂಡು ಪುಣೆಗೆ ಹೋಗುವಾಗ ಅವನು ಚೀಲವನ್ನು ಅಕ್ಕನ ಬಾಗಿಲಿಗೆ ಮುಟ್ಟಿಸುತ್ತಿದ್ದ. ಬಾಡಿಗೆ ಕೇಳುತ್ತಿರಲಿಲ್ಲ.

ಅದೇ ಲಾರಿಯಲ್ಲಿ ನನ್ನ ಹೊಲಿಗೆಯೂ ಹೋಗುತ್ತಿತ್ತು. ಪುಣೆಯ ಹೆಂಗಸರಿಗೆ ಹಬ್ಬಕ್ಕೆ ಖಣದ ಕುಪ್ಪಸ ಬೇಕು, ಅದನ್ನು ಅಂಚಿಗೆ ಅಂಚು ಕೂಡಿಸಿ ಹೊಲಿಯುವವರು ಅವರ ಓಣಿಯಲ್ಲಿಲ್ಲ. ಅಕ್ಕ ಅಲ್ಲಿ ಅಳತೆ ತೆಗೆದುಕೊಂಡು ಕಳಿಸುವಳು. ನಾನು ರಾಮದುರ್ಗದಿಂದ ಖಣ ತರಿಸಿ ಇಲ್ಲಿ ಹೊಲಿಯುವೆ. ಹೊಂಗಲದ ದರ್ಜಿಗೆ ಸಿಗುವಷ್ಟೇ ಕೂಲಿಯನ್ನು ಅಕ್ಕ ನನಗೆ ಕೊಡುತ್ತಿದ್ದಳು, ಖಣದ ರೊಕ್ಕ ಬೇರೆ. ಮದುವೆಯಾಗದ ಹುಡುಗಿಯ ಕೈಯಲ್ಲಿ ನಾಲ್ಕು ಕಾಸು ಓಡಾಡುವುದೇ ದೊಡ್ಡದು. ನಾನು ಖುಷಿಯಾಗಿದ್ದೆ.

ಒಂದು ದೀಪಾವಳಿಗೆ ಅಕ್ಕನ ಮನೆಗೆ ಹೋದೆ. ಅಡುಗೆಯ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಒಬ್ಬ ಹೆಂಗಸು ಕುಪ್ಪಸ ಒಯ್ಯಲು ಬಂದಳು. ನಾನೇ ಹೊಲಿದದ್ದು. ಅವಳು ಕೊಟ್ಟ ರೊಕ್ಕ ನೋಡಿ ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ಖಣದ ಬೆಲೆ ಕಳೆದರೂ ನನ್ನ ಕೂಲಿಯ ನಾಲ್ಕು ಪಟ್ಟು. ಆ ಹೆಂಗಸು ಮೆಟ್ಟಿಲು ಇಳಿಯುವವರೆಗೂ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಾಕು ಪಟ್ಟು ತಗೊಂಡು ನನಗ ಒಂದು ಪಾಲ ಕೊಡತಿ. ಇದ್ಯಾವ ನ್ಯಾಯ?"

"ಅದು ಪುಣೆ ರೇಟವಾ. ನೀ ಹೊಂಗಲದಾಗ ಕುಂತು ಹೊಲಿತಿ, ಹೊಂಗಲದ ರೇಟ ಕೊಡತೇನಿ. ನಿನಗೇನು ಬಾಡಗಿ ಐತೇನು? ಹಾಲಿಗೆ, ಸೊಪ್ಪಿಗೆ ರೊಕ್ಕಾ ಎಣಸ್ತಿಯೇನು?"

"ಕುಪ್ಪಸ ತೊಡಾವ್ರು ಪುಣೆದವರು ಹೌದಲ್ಲ? ಪುಣೆ ರೇಟನ ಕೊಡು."

ಅಕ್ಕ ತನ್ನ ಮಗುವಿನ ಅಂಗಿ ಮಡಚಿದಳು, ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ "ಆತು" ಅಂದಳು.

ಅಲ್ಲಿಂದ ಮುಂದೆ ಕಾಕಾನ ಕೈಯಲ್ಲಿ ಪೂರಾ ರೊಕ್ಕ ಬರತೊಡಗಿತು. ನಾನು ಟೇಬಲ್ ಫ್ಯಾನು ಕೊಂಡೆ. ಅದರ ಗಾಳಿಗೆ ಕುಳಿತು ಹೊಲಿಯುವಾಗ ಮನಸ್ಸಿಗೆ ಏನೂ ಚುಚ್ಚಲಿಲ್ಲ, ಸುಳ್ಳೇಕೆ ಹೇಳಲಿ.

ಪಂಚಮಿ ಬಂತು, ಅಕ್ಕ ಬಂದು ಹೋದಳು, ಜೋಳದ ಚೀಲವೂ ಹೋಯಿತು. ಕೆಲವು ದಿನಗಳ ನಂತರ ಕಾಕಾ ಪುಣೆಯಿಂದ ವಾಪಸು ಬಂದವನು ಅಪ್ಪನ ಕೈಗೆ ಒಂದು ಪಾಕೀಟು ಕೊಟ್ಟ.

"ನಿಮ್ಮ ಮಗಳು ಕೊಟ್ಟಾಳ್ರಿ. ಜ್ವಾಳದ್ದಂತ."

ಒಳಗೆ ಒಂದು ಚೀಲ ಜೋಳದ ರೊಕ್ಕವಿತ್ತು. ಅದೂ ಪುಣೆಯ ದರದಲ್ಲಿ, ನಮ್ಮ ಪೇಟೆಯ ದರಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು. ವ್ಯಾಪಾರಿಯಾಗಿದ್ದರೆ ಅಪ್ಪ ಖುಷಿಪಡಬೇಕಿತ್ತು. ಆದರೆ ತವರಿನ ಜೋಳಕ್ಕೆ ಮಗಳು ರೊಕ್ಕ ಕೊಡುವುದೆಂದರೆ ನಮ್ಮಲ್ಲಿ 'ಇನ್ನು ನಿಮ್ಮ ಹಂಗು ನನಗೆ ಬೇಡ' ಎಂದು ಬಾಗಿಲಲ್ಲಿ ನಿಂತು ಹೇಳಿದಂತೆ. ಅಪ್ಪ ಪಾಕೀಟನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟ, ಮತ್ತೆ ಮುಟ್ಟಲಿಲ್ಲ. ಅವ್ವ ಅತ್ತಳು. ಅಕ್ಕ ಬೂತಿನಿಂದ ಎದುರು ಮನೆಯ ಫೋನಿಗೆ ಮಾಡಿದಾಗೆಲ್ಲ ಅವ್ವ ಓಡಿ ಹೋಗುತ್ತಿದ್ದಳು, ಅಪ್ಪನಿಗೆ ಮಾತ್ರ ದನಗಳಿಗೆ ನೀರು ಕುಡಿಸುವ ಕೆಲಸ ನೆನಪಾಗುತ್ತಿತ್ತು. ಹೀಗೇ ಒಂದು ವರ್ಷ.

ಅಕ್ಕ ಯಾಕೆ ಹಾಗೆ ಮಾಡಿದಳೆಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ನನ್ನ ಜೊತೆಗಿನ ಜಗಳವನ್ನು ಅವಳು ಅಪ್ಪನ ಜೋಳದ ಮೇಲೆ ತೀರಿಸಿಕೊಂಡಿದ್ದಳು.

ಮುಂದಿನ ಪಂಚಮಿಗೂ ಅಕ್ಕ ಬಂದಳು. ಅಪ್ಪ ಮೊಮ್ಮಗನನ್ನು ಜೋಕಾಲಿಯಲ್ಲಿ ತೂಗಿದ, ಮಗಳ ಜೊತೆ ಬೇಕಾದಷ್ಟೇ ಮಾತಾಡಿದ. ಹೊರಡುವ ದಿನ ಕಾಕಾನ ಲಾರಿ ಓಣಿಯ ತುದಿಗೆ ಬಂದು ನಿಂತಿತು. ಅವ್ವ ಹಬ್ಬದ ಉಂಡಿಯ ಡಬ್ಬಿ ಕಟ್ಟಿದಳು. ಚೀಲ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ.

"ಅಪ್ಪಾ, ಜ್ವಾಳ?" ಅಂದಳು ಅಕ್ಕ.

ಅಪ್ಪ ಅಡಕೊತ್ತಿನಿಂದ ತಲೆ ಎತ್ತಲಿಲ್ಲ. "ಪುಣೇದಾಗ ಸಿಗತಾವಲ್ಲವಾ. ಕೊಳ್ಳೂ ಶಕ್ತಿ ಐತಿ, ಕೊಳ್ರಿ."

ಅಕ್ಕ ಎದ್ದು ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಬಚ್ಚಲಿನ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ನಿನಗ ಪೂರಾ ಕೊಟ್ಟ ಮ್ಯಾಲ ನನ್ನ ಕೈಯಾಗ ಏನೂ ಉಳಿಲಿಲ್ಲ. ಬಾಡಗಿಗೆ ಅದನ್ನ ಕೂಡಸ್ತಿದ್ದೆ ನಾ. ಒಡಹುಟ್ಟಿದಾಕೀನೇ ಪುಣೆ ರೇಟ ಕೇಳತಾಳ ಅಂದ ಮ್ಯಾಲ, ಅಪ್ಪನ ಜ್ವಾಳ ಪುಕ್ಕಟ ಯಾಕ ತಿನ್ಲಿ ಅಂತ ಸಿಟ್ಟಿಗೆದ್ದು ಕೊಟ್ಟೆ. ಈಗ ಈ ಮನಿಯಿಂದ ನನಗ ಬರೂದರ ಏನ ಉಳೀತು?"

ನನ್ನ ಲೆಕ್ಕ ತಪ್ಪಿರಲಿಲ್ಲ, ಇವತ್ತಿಗೂ ಹಾಗೇ ಅನ್ನುತ್ತೇನೆ. ಅವಳದೂ ತಪ್ಪಿರಲಿಲ್ಲ. ಎರಡು ಸರಿಯಾದ ಲೆಕ್ಕಗಳ ನಡುವೆ ಒಂದು ಚೀಲ ಒಳಗೇ ಉಳಿದಿತ್ತು. ಅವಳು ಅಳುವುದನ್ನು ನೋಡಿ ಪಡಸಾಲೆಗೆ ಬಂದೆ. ಕಾಕಾ ಚಹಾ ಕುಡಿಯುತ್ತ ಕುಳಿತಿದ್ದ.

"ಅಪ್ಪಾ, ಜಗಲಿ ಮ್ಯಾಲಿಂದು ಜ್ವಾಳದ ರೊಕ್ಕ ಅಲ್ಲ. ನನ್ನ ಹೊಲಿಗಿ ರೊಕ್ಕ. ಕಾಕಾ ತಪ್ಪಿ ನಿನ್ನ ಕೈಯಾಗ ಕೊಟ್ಟಾನ. ಅಕ್ಕ ಈಗ ಹೇಳಿದ್ಲು."

ಅಪ್ಪ ಕಾಕಾನ ಕಡೆ ನೋಡಿದ. ಕಾಕಾ ನನ್ನ ಕಡೆ ನೋಡಿದ, ಚಹಾದ ಬಸಿ ಕೆಳಗಿಟ್ಟ.

"ಹೌದ್ರಿ ಗೌಡ್ರ, ಹಂಗ ಇರಬೇಕು. ವಯಸ್ಸಾತಲ್ಲರಿ, ಒಂದ ಹೇಳಿದ್ರ ಒಂದ ಕೇಳಸ್ತದ."

"ಒಂದ ವರ್ಷ ಪೂರಾ ನನ್ನ ಹೊಟ್ಟಿ ಉರಿಸಿದೆಲ್ಲೋ ಮಾರಾಯಾ!" ಅಪ್ಪ ಬೈದ. ಬೈಯುತ್ತಲೇ ಎದ್ದ. ಆ ಸುಳ್ಳನ್ನು ಅವನು ಎಷ್ಟು ಬೇಗ ನಂಬಿದನೆಂದರೆ, ವರ್ಷದುದ್ದಕ್ಕೂ ಅಂಥದೊಂದಕ್ಕೆ ಕಾಯುತ್ತಿದ್ದಂತಿತ್ತು. ಪಾಕೀಟನ್ನು ನನ್ನ ಕೈಯಲ್ಲಿಟ್ಟು, ಆಳನ್ನೂ ಕರೆಯದೆ ತಾನೇ ಚೀಲ ಹೆಗಲಿಗೇರಿಸಿಕೊಂಡು ಲಾರಿಗೆ ನಡೆದ.

ಪಾಕೀಟನ್ನು ನಾನು ಅಕ್ಕನ ಬ್ಯಾಗಿನಲ್ಲಿ ಉಂಡಿಯ ಡಬ್ಬಿಯ ಕೆಳಗೆ ತುರುಕಿದೆ. "ಇನ್ನ ಮುಂದ ಹೊಂಗಲದ ರೇಟ" ಅಂದೆ. ಅಕ್ಕ ಮೂಗು ಒರೆಸಿಕೊಂಡು ತಲೆಯಾಡಿಸಿದಳು.

ಮುಂದೆ ನನ್ನನ್ನು ಸವದತ್ತಿಗೆ ಕೊಟ್ಟರು, ಮಶೀನು ನನ್ನ ಜೊತೆ ಅಲ್ಲಿಗೆ ಬಂತು. ಕುಪ್ಪಸಗಳು ಹೊಂಗಲದ ರೇಟಿಗೇ ಪುಣೆಗೆ ಹೋಗುತ್ತಲೇ ಇದ್ದವು. ಅಪ್ಪ ಇರುವವರೆಗೂ ಪಂಚಮಿಯ ಮರುದಿನ ಚೀಲವೂ ಹೋಗುತ್ತಿತ್ತು. ತವರಿನ ಜೋಳಕ್ಕೆ ಯಾವ ಊರಿನಲ್ಲೂ ರೇಟು ಇರುವುದಿಲ್ಲ ಎಂದು ಅವನು ಕಟ್ಟೆಯ ಮೇಲೆ ಕುಳಿತು ಮಂದಿಗೆ ಹೇಳುತ್ತಿದ್ದ. ನಾನೂ ಅಕ್ಕನೂ ಪಕ್ಕದಲ್ಲೇ ಇದ್ದರೂ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ರೇಟು ಇತ್ತು, ನಾನು ಕುಪ್ಪಸದ ಲೆಕ್ಕದಲ್ಲಿ ಕೊಡುತ್ತಿದ್ದೆ.