ಹೆರಿಗೆ ವಾರ್ಡಿಗೆ ಹೊಲಿದ ಕೌದಿ

ಊರು ನೋಡಿಕೊಳ್ಳುವ ಪಾಲಿಕೆ ತನಗೆ ಬೇಕಾದ ಸಾಮಾನನ್ನು ಯಾರ ಹತ್ತಿರ ಕೊಳ್ಳುತ್ತದೆ ಎಂಬ ಪ್ರಶ್ನೆ ಮಾನಮ್ಮನ ತಲೆ ಹೊಕ್ಕಿದ್ದು ಮಗಳು ಜ್ಯೋತಿಯ ಹೆರಿಗೆಯ ಹೊತ್ತಿನಲ್ಲಿ. ಡೊಂಬಿವಲಿಯ ಪಾಲಿಕೆ ಆಸ್ಪತ್ರೆಯಲ್ಲಿ ಕೂಸಿಗೆ ಹೊದಿಸಿದ್ದ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ನರ್ಸನ್ನು ಕೇಳಿಯೇಬಿಟ್ಟಳು: "ಇದನ್ನ ಎಲ್ಲಿಂದ ತರಸ್ತೀರಿ?"

"ಟೆಂಡರ್ ಮಾವಶಿ, ಟೆಂಡರ್" ಎಂದು, ಮರಾಠಿಯಲ್ಲಿ ಚಿಕ್ಕಮ್ಮ ಅಂತ ಕರೆದು, ನರ್ಸ್ ನಕ್ಕು ಹೋದಳು.

ಮಾನಮ್ಮ ರಾಯಚೂರು ಕಡೆಯವಳು. ಗಂಡ ಯಂಕಪ್ಪನ ಜೊತೆ ದುಡಿಯಲು ಇಲ್ಲಿಗೆ ಬಂದು, ಹತ್ತಿರದ ಠಾಣೆ ನಗರದ ಎತ್ತರದ ಕಟ್ಟಡಗಳಿಗೆ ವರ್ಷಗಟ್ಟಲೆ ಗಾರೆ ಹೊತ್ತಿದ್ದಳು. ಸೊಂಟ ಹಿಡಿದುಕೊಂಡ ಮೇಲೆ ತಾವಿದ್ದ ಚಾಳಿನ ಸಾಲುಮನೆಗಳ ಹೆಂಗಸರನ್ನು ಕೂಡಿಸಿ ಸಂಘ ಮಾಡಿಕೊಂಡು ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಟೆಂಡರ್ ಅಂದರೆ ಏನೆಂದು ಸಿಕ್ಕವರನ್ನೆಲ್ಲ ಕೇಳಿದಳು. "ದೊಡ್ಡವರ ಯವಾರ ಅದು, ನಿನಗ್ಯಾಕ?" ಅಂದ ಯಂಕಪ್ಪ.

ಅಷ್ಟರಲ್ಲಿ ಪಾಲಿಕೆಯವರು ಮಹಿಳಾ ಸಂಘಗಳ ಸಭೆ ಕರೆದಿದ್ದಾರೆಂದು ಸಂಘದ ಚಂದವ್ವ ಸುದ್ದಿ ತಂದಳು. ಇಬ್ಬರೂ ಹೋದರು. ಅಲ್ಲಿನ ಅಧಿಕಾರಿ ತೃಪ್ತಿ, ಹುಟ್ಟಿ ಬೆಳೆದದ್ದು ಇಲ್ಲೇ ಆದರೂ, ಕರಾವಳಿಯ ಕನ್ನಡ ಮನೆತನದವಳು. ಇವರ ಮಾತು ಕೇಳಿ ಕನ್ನಡಕ್ಕೆ ತಿರುಗಿದಳು. ಆಸ್ಪತ್ರೆಗೆ ಕೂಸುಗಳ ಹೊದಿಕೆ ಬೇಕಿತ್ತು. ಅದರಲ್ಲೊಂದು ಪಾಲನ್ನು ಊರಿನ ಸಂಘಗಳಿಂದಲೇ ಕೊಳ್ಳುವುದೆಂದು ತೀರ್ಮಾನವಾಗಿತ್ತು.

ಮಾನಮ್ಮನಿಗೆ ನಂಬಿಕೆ ಬರಲಿಲ್ಲ. "ನಮ್ಮ ಕಡಿಂದನ ಯಾಕ್ರೀ? ಧರ್ಮಕ್ಕ ಕೊಡ್ತೀರೇನು?"

"ಧರ್ಮ ಎಂಥದ್ದು? ಹೊದಿಕೆ ಹೇಗೂ ತಗೊಳ್ಳಬೇಕಲ್ಲ? ಇಲ್ಲಿಯವರಿಂದ ತಗೊಂಡ್ರೆ ಆಸ್ಪತ್ರೆಗೂ ಆಯ್ತು, ನಾಲ್ಕು ಮನೆಗೆ ಕಾಮ್ ಸಹ ಸಿಕ್ಕಿತು. ಆದ್ರೆ ಮಾಲು ಖರಾಬ್ ಇದ್ರೆ ವಾಪಸ್, ಹಾಂ!"

ಹಳೆ ಸೀರೆ ನಡೆಯದು, ಸೋಂಕಿನ ಭಯ; ಹೊಸ ಬಿಳಿ ಹತ್ತಿಯೇ ಆಗಬೇಕು ಎಂದಳು ತೃಪ್ತಿ. ಹಾಗೇ ಹೊಲಿದರು. ಬರೀ ಬಿಳಿ ಬಿಕೋ ಅನ್ನುತ್ತದೆಂದು ಚಂದವ್ವ ಅಂಚಿಗೆ ಕೆಂಪು ದಾರ ಹಾಕಿದಳು. ಆಸ್ಪತ್ರೆಯ ಬಿಸಿನೀರಿಗೆ ಬಿದ್ದದ್ದೇ ತಡ, ಕೆಂಪೆಲ್ಲ ಬಿಟ್ಟುಕೊಂಡು ಹೊದಿಕೆಗಳು ಗುಲಾಬಿಯಾದವು. ಗಂಟು ಕಟ್ಟಿಕೊಂಡು ಅಷ್ಟೂ ಮಾಲು ಚಾಳಿಗೆ ವಾಪಸ್ ಬಂತು.

"ಬಡವರ ಮ್ಯಾಲೆ ಇಷ್ಟೂ ಕರುಣಿ ಬ್ಯಾಡೇನು?" ಎಂದು ಚಂದವ್ವ ಅತ್ತಳು.

ಮಾನಮ್ಮನಿಗೂ ನೋವಾಯಿತು. ಆದರೂ ಒಳಗೆಲ್ಲೋ ಹಗುರವೆನಿಸಿತು. ಧರ್ಮಕ್ಕೆ ತಗೊಂಡವರಾಗಿದ್ದರೆ ಮೂಲೆಗೆಸೆದು ಸುಮ್ಮನಿರುತ್ತಿದ್ದರು. ಇವರು ತಿರುಗಿ ಕಳಿಸಿದ್ದರು. "ಕರುಣಿ ತೋರ್ಸಿದ್ರ ಒಂದ ಸಲ ತಗೋತಿದ್ರು. ಮುಂದ?" ಎಂದಳು.

ಮರುದಿನ ಆಸ್ಪತ್ರೆಯ ಧೋಬಿಖಾನೆಗೇ ಹೋಗಿ ನಿಂತಳು. ಹಬೆಯಾಡುವ ನೀರು, ಗರಗರ ತಿರುಗುವ ದೊಡ್ಡ ಡ್ರಮ್ಮು, ಮೂಗಿಗೆ ಹೊಡೆಯುವ ಔಷಧದ ವಾಸನೆ. ಈ ಸುಡುಸುಡು ನೀರನ್ನು ಎಂಥ ದಾರ ತಾಳೀತು? ಅಲ್ಲಿನವರನ್ನು ಕೇಳಿ ತಿಳಿದುಕೊಂಡು ಬಂದಳು. ಬಣ್ಣ ಹಾಕದ ದಾರ ಕೊಂಡರು, ಆಮೇಲೆ ಕುಗ್ಗದಿರಲೆಂದು ಹೊಲಿಯುವ ಮೊದಲೇ ಬಟ್ಟೆ ಕುದಿಸಿದರು. ಎರಡನೆಯ ಸಲ ಮಾಲು ಒಪ್ಪಿಗೆಯಾಯಿತು.

ಹೊದಿಕೆಯ ದೊಡ್ಡ ಪಾಲು ಈಗಲೂ ದೊಡ್ಡ ವ್ಯಾಪಾರಿಯದೇ. ಸಂಘಕ್ಕೆ ಬರುವುದು ಸಣ್ಣ ತುಂಡು. ಆದರೂ ಕೈ ಸಾಲದೆ, ಕೆಮಿಕಲ್ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡಿದ್ದ ದ್ರೌಪದಿ ಎಂಬವಳನ್ನು ಸೇರಿಸಿಕೊಂಡಿದ್ದಾರೆ. ರಜೆಯ ದಿನ ಚಾಳಿನ ಮುಂದೆ ಹಂಡೆಯಲ್ಲಿ ಬಟ್ಟೆ ಕುದಿಯುತ್ತಿರುತ್ತದೆ. ಕೋಲು ಹಿಡಿದು ತಿರುವುವವನು ಯಂಕಪ್ಪ.